ಪ್ರಾಣಿಕ್ಷೇಮಕ್ಕೆ ಯಾವ ಅಳತೆಗೋಲು?

ಬಳ್ಳಾರಿ ನಗರದ ಕಿರುಮೃಗಾಲಯದಲ್ಲಿದ್ದ ಪ್ರಾಣಿಗಳನ್ನು ಕಮಲಾಪುರದ ಬಳಿಯ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನಕ್ಕೆ ಸಾಗಿಸಿದ್ದು ಈ ಭಾಗದವರಿಗೆಲ್ಲ ತಿಳಿದ ಸಂಗತಿ. 2017ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಉದ್ಯಾನ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು; 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಅದರ ಪಾಲಿಗೆ ಹೋಯಿತು. ಊರ ನಡುವಿನ ಇಕ್ಕಟ್ಟಿನಿಂದ ನೂರಕ್ಕೂ ಹೆಚ್ಚು ಹೆಕ್ಟೇರ್ ವಿಸ್ತಾರದ ಕುರುಚಲು ಕಾಡಿಗೆ ಹೋದ ಪ್ರಾಣಿಗಳು ಈಗ ಸುಖವಾಗಿವೆ ಎಂದು ನಾವೆಲ್ಲ ಹೇಳುತ್ತೇವೆ. ಹಾಗಿರುವ ಸಂಭವವೇ ಹೆಚ್ಚು. ಆದರೆ ಹೆಕ್ಟೇರ್ ಎಂಬುದು ನೆಲದ ಅಳತೆ, ಸುಖದ ಅಳತೆಯಲ್ಲ. ಒಂದು ಚಿರತೆ ಮೊದಲಿಗಿಂತ ಕ್ಷೇಮವಾಗಿದೆ ಎಂದು ಹೇಳಬೇಕಾದರೆ ಏನನ್ನು, ಯಾವ ಉಪಕರಣದಿಂದ, ಎಷ್ಟು ದೋಷಮಿತಿಯೊಳಗೆ ಅಳೆದಿರಬೇಕು? ಪ್ರಯೋಗಾಲಯದ ಮತ್ತು ಬಂಧನದ ಪ್ರಾಣಿಗಳ ಕ್ಷೇಮವನ್ನು ಕುರಿತು ಕಳೆದ ಐದಾರು ದಶಕಗಳಲ್ಲಿ ನಡೆದಿರುವ ಸಂಶೋಧನೆಯನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಲೇಖಕ ಭೌತವಿಜ್ಞಾನದವನಾದ್ದರಿಂದ ದಯೆ, ಧರ್ಮಗಳ ಚರ್ಚೆಗೆ ಹೋಗುವುದಿಲ್ಲ. ಅದನ್ನು ನಮ್ಮ ದಾಸರೂ ಶರಣರೂ ನಮಗಿಂತ ಚೆನ್ನಾಗಿ ಮಾಡಿ ಮುಗಿಸಿದ್ದಾರೆ.

ಈ ಕ್ಷೇತ್ರದ ಆರಂಭವನ್ನು ಸಾಮಾನ್ಯವಾಗಿ 1959ರಿಂದ ಗುರುತಿಸುತ್ತಾರೆ. ಆ ವರ್ಷ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಪ್ರಯೋಗಗಳಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ ಬಳಸುವುದು, ಪ್ರಾಣಿಗಳ ಸಂಖ್ಯೆ ಇಳಿಸುವುದು, ನೋವು ತಗ್ಗುವಂತೆ ವಿಧಾನವನ್ನು ನಯಗೊಳಿಸುವುದು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟರು. ಮರುವರ್ಷವೇ, ಅಂದರೆ 1960ರಲ್ಲಿ, ನಮ್ಮ ದೇಶದಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. ಸೂತ್ರಗಳು ಬಂದವು, ಕಾಯಿದೆ ಬಂತು. ಅಳತೆ ಮಾತ್ರ ಹಿಂದೆ ಬಿತ್ತು.

ಅಳತೆ ಇಲ್ಲದೆ ತಜ್ಞರ ತೀರ್ಮಾನವನ್ನಷ್ಟೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಕೋಳಿಯ ಕಥೆ ಇದೆ. ಬ್ರಿಟನ್ನಿನಲ್ಲಿ 1965ರಲ್ಲಿ ಬ್ರ್ಯಾಂಬೆಲ್ ಸಮಿತಿ ಕೋಳಿಗೂಡುಗಳ ನೆಲಕ್ಕೆ ತೆಳು ತಂತಿಯ ಷಟ್ಕೋನ ಜಾಲರಿ ಬಳಸಬಾರದು ಎಂದು ಶಿಫಾರಸು ಮಾಡಿತು. ತೆಳು ತಂತಿ ಕಾಲಿಗೆ ಚುಚ್ಚುತ್ತದೆ, ದಪ್ಪ ತಂತಿ ಹಿತ ಎಂಬುದು ಸಮಿತಿಯ ಊಹೆ. ನಮಗೂ ಹಾಗೆಯೇ ತೋರುತ್ತದೆ. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬುವರು ಮಾಡಿದ್ದು ಬಹಳ ಸರಳ ಕೆಲಸ: ಬೇರೆ ಬೇರೆ ಬಗೆಯ ನೆಲಗಳನ್ನು ಹಾಕಿ, ಕೋಳಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. ಕೋಳಿಗಳು ಸಮಿತಿ ಬೇಡವೆಂದ ತೆಳು ಜಾಲರಿಯನ್ನೇ ಹೆಚ್ಚಾಗಿ ಆರಿಸಿಕೊಂಡವು! ತೆಳು ಜಾಲರಿ ಪಾದಕ್ಕೆ ಹೆಚ್ಚು ಬಿಂದುಗಳಲ್ಲಿ ಆಸರೆ ಕೊಡುತ್ತದೆ. ಭಾರ ಹಂಚಿಹೋಗಿ ಪ್ರತಿ ಬಿಂದುವಿನ ಮೇಲಿನ ಒತ್ತಡ ಇಳಿಯುತ್ತದೆ ಎಂಬ ವಿವರಣೆ ಪಿಯುಸಿ ವಿದ್ಯಾರ್ಥಿಗೂ ಹೊಳೆಯುವಂಥದು. ಸಮಿತಿಯಲ್ಲಿ ಕಳಕಳಿಗೆ ಕೊರತೆ ಇರಲಿಲ್ಲ. ಕೋಳಿಯನ್ನು ಕೇಳಿರಲಿಲ್ಲ, ಅಷ್ಟೆ.

ಆದರೆ ಕೋಳಿ ಒಂದರ ಬದಲು ಇನ್ನೊಂದನ್ನು ಆರಿಸಿತು ಎಂದರೆ ಅದು ಎಷ್ಟು ಬೇಕಾದದ್ದು ಎಂದು ತಿಳಿಯುವುದಿಲ್ಲ. ಹೋಟೆಲಿನಲ್ಲಿ ಇಡ್ಲಿ ಬಿಟ್ಟು ದೋಸೆ ತೆಗೆದುಕೊಂಡವನು ದೋಸೆಯಿಲ್ಲದೆ ಬದುಕಲಾರ ಎಂದು ಯಾರೂ ಹೇಳುವುದಿಲ್ಲ. ಈ ಕೊರತೆಯನ್ನು ತುಂಬಿದ ಪ್ರಯೋಗಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು 2001ರಲ್ಲಿ ಜಾರ್ಜಿಯಾ ಮೇಸನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮಿಂಕ್ ಅಧ್ಯಯನ. ಮಿಂಕ್ ಎಂದರೆ ತುಪ್ಪಳಕ್ಕಾಗಿ ಸಾಕುವ, ಮುಂಗುಸಿಯಂತೆ ಕಾಣುವ, ನೀರಿನಂಚಿನ ಪ್ರಾಣಿ. ಪಂಜರದಿಂದ ಹಲವು ಕೋಣೆಗಳಿಗೆ ಬಾಗಿಲುಗಳು; ಒಂದರಲ್ಲಿ ಈಜುವ ತೊಟ್ಟಿ, ಒಂದರಲ್ಲಿ ಇನ್ನೊಂದು ಗೂಡು, ಮತ್ತೊಂದರಲ್ಲಿ ಆಟದ ವಸ್ತು, ಒಂದು ಬರಿದೇ ಖಾಲಿ. ಬಾಗಿಲುಗಳಿಗೆ ಭಾರವನ್ನು ಹಂತಹಂತವಾಗಿ ಏರಿಸುತ್ತ ಹೋದರು. ನೀರಿನ ತೊಟ್ಟಿಗಾಗಿ ಪ್ರಾಣಿಗಳು ಎಲ್ಲಕ್ಕಿಂತ ಹೆಚ್ಚು ದುಡಿದವು. ತೊಟ್ಟಿಯ ಬಾಗಿಲನ್ನು ಒಂದು ದಿನ ಮುಚ್ಚಿದಾಗ ಮೂತ್ರದಲ್ಲಿ ಕಾರ್ಟಿಸಾಲ್ ಹಾರ್ಮೋನು ಏರಿತು; ಆಹಾರವನ್ನು ತಡೆದಾಗ ಏರಿದಷ್ಟೇ ಹೆಚ್ಚುಕಡಿಮೆ.

ಇಲ್ಲಿ ಮೆಚ್ಚಬೇಕಾದದ್ದು ಎರಡು. ಬಯಕೆಯನ್ನು ಕಾರ್ಯದ ಮಾನದಲ್ಲಿ, ಅಂದರೆ ಬಲ ಗುಣಿಸು ದೂರ ಎಂಬ ಲೆಕ್ಕದಲ್ಲಿ, ಅಳೆದರು. ಅದಕ್ಕಿಂತ ಮುಖ್ಯವಾಗಿ, ಆಹಾರವನ್ನು ಮಾನಕವಾಗಿ ಇಟ್ಟುಕೊಂಡು ಉಳಿದುದನ್ನು ಅದಕ್ಕೆ ಹೋಲಿಸಿದರು. ತಕ್ಕಡಿಗೆ ಒಂದು ಬಟ್ಟು ಬೇಕು; ಹಸಿವು ಎಲ್ಲ ಪ್ರಾಣಿಗಳಿಗೂ ಇರುವ ಬಟ್ಟು. ಈ ವಿಧಾನಕ್ಕೂ ಮಿತಿ ಇಲ್ಲದಿಲ್ಲ. ನಾವು ಮುಂದಿಟ್ಟದ್ದರಲ್ಲೇ ಪ್ರಾಣಿ ಆರಿಸಬೇಕು. ನಮಗೆ ತೋಚದೇ ಇರುವುದನ್ನು ಅದು ಕೇಳಲಾರದು. ಈ ಕ್ಷಣದ ರುಚಿಯನ್ನು ಆರಿಸಿದ ಪ್ರಾಣಿ ನಾಳಿನ ಆರೋಗ್ಯವನ್ನು ಆರಿಸಿತು ಎಂದೂ ಅರ್ಥವಲ್ಲ. ಹಾಗಿದ್ದರೂ, ಪ್ರಾಣಿಕ್ಷೇಮ ಎಂಬುದು ಅಳೆಯಲಾಗದ ಭಾವುಕತೆ ಎಂದು ನಗುವ ಸಹೋದ್ಯೋಗಿಗಳಿಗೆ ನಾನು ಕೊಡುವ ಉತ್ತರ ಈ ಭಾರದ ಬಾಗಿಲು.

ಮೃಗಾಲಯಗಳ ಮಟ್ಟಿಗೆ ಹೆಚ್ಚು ಬಳಕೆಯಲ್ಲಿರುವ ಸೂಚಕವೇ ಬೇರೆ. ಪಂಜರದ ಚಿರತೆ ಬೇಲಿಗುಂಟ ಅದೇ ಹಾದಿಯಲ್ಲಿ ಅದೇ ತಿರುವಿನಲ್ಲಿ ಶತಪಥ ತಿರುಗುವುದನ್ನು ನೋಡದವರಿಲ್ಲ. ಕರಡಿ ನಿಂತಲ್ಲೇ ತಲೆಯಾಡಿಸುತ್ತದೆ, ಆನೆ ತೂಗಾಡುತ್ತದೆ. ಇದನ್ನು ಏಕತಾನ ವರ್ತನೆ ಎನ್ನಬಹುದು. 2003ರಲ್ಲಿ ಕ್ಲಬ್ ಮತ್ತು ಮೇಸನ್ ಹಲವಾರು ಮಾಂಸಾಹಾರಿ ಪ್ರಭೇದಗಳ ಮಾಹಿತಿ ಕಲೆಹಾಕಿ, ಕಾಡಿನಲ್ಲಿ ಯಾವ ಪ್ರಾಣಿಯ ಸಂಚಾರಕ್ಷೇತ್ರ ದೊಡ್ಡದೋ ಬಂಧನದಲ್ಲಿ ಅದರ ಶತಪಥವೂ ಮರಿಗಳ ಸಾವೂ ಹೆಚ್ಚು ಎಂದು ತೋರಿಸಿದರು. ದಕ್ಷಿಣ ಭಾರತದ ನಾಲ್ಕು ಮೃಗಾಲಯಗಳ ಚಿರತೆಗಳ ಮೇಲೆ ಅವಂತಿ ಮಲ್ಲಾಪುರ್, ರವಿ ಚೆಲ್ಲಂ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನಗಳು ನಮಗೆ ಹತ್ತಿರದವು. ಆವರಣದ ಅಂಚು ಶತಪಥಕ್ಕೆ, ಹಿಂಭಾಗ ವಿಶ್ರಾಂತಿಗೆ ಬಳಕೆಯಾಗುತ್ತದೆ ಎಂದು ಅವು ತೋರಿಸಿದವು. ಅಂದರೆ ಚಿರತೆಯ ಪಾಲಿಗೆ ಆವರಣವೆಂಬುದು ಏಕರೂಪದ ಚದರ ಮೀಟರುಗಳ ಮೊತ್ತವಲ್ಲ. ನಡುವಿನ ಬಯಲನ್ನು ನಾವು ಎಷ್ಟು ಹಿಗ್ಗಿಸಿದರೂ, ಮರೆಯಿಲ್ಲದಿದ್ದರೆ ಅದು ನಕ್ಷೆಯಲ್ಲಿ ಮಾತ್ರ ಇರುವ ಜಾಗ. ಮಲ್ಲಾಪುರ್ ಅವರೇ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತಿತರರೊಡನೆ 2005ರಲ್ಲಿ ಪ್ರಕಟಿಸಿದ ಸಿಂಗಳೀಕಗಳ ಅಧ್ಯಯನ ಇನ್ನೂ ಮುಂದೆ ಹೋಗಿ, ಪ್ರೇಕ್ಷಕರ ಇರುವಿಕೆಯಿಂದಲೇ ಅಸಹಜ ವರ್ತನೆ ಹೆಚ್ಚುತ್ತದೆ ಎಂದು ಕಂಡುಕೊಂಡಿತು. ಟಿಕೆಟ್ ಕೊಂಡು ಬರುವ ನಾವೇ ಆ ಪ್ರಯೋಗದ ಒಂದು ಚರ.

ಒಳ್ಳೆಯ ಕೆಲಸಗಳು ಇವು. ಆದರೂ ಇಂಥ ಪ್ರಬಂಧಗಳನ್ನು ಓದುವಾಗ ಎರಡು ಆಕ್ಷೇಪಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಮೊದಲನೆಯದು ಎಣಿಕೆಯದು. ಒಂದೇ ಮೃಗಾಲಯದ ನಾಲ್ಕು ಚಿರತೆಗಳು ನಾಲ್ಕು ಸ್ವತಂತ್ರ ಸಾಕ್ಷಿಗಳಲ್ಲ. ಅವುಗಳಿಗೆ ಕಾವಲುಗಾರ ಒಬ್ಬನೇ, ಊಟದ ಗಂಟೆ ಒಂದೇ, ಸುತ್ತಲ ಸದ್ದು ಒಂದೇ. ಒಂದೇ ಪಾತ್ರೆಯ ನೀರಿನಲ್ಲಿ ನಾಲ್ಕು ಉಷ್ಣಮಾಪಕ ಅದ್ದಿ, ಜಗತ್ತಿನ ನೀರೆಲ್ಲ ಇಷ್ಟೇ ಬಿಸಿ ಎಂದು ನಾಲ್ಕರ ಸರಾಸರಿ ಹೇಳಿದರೆ ಪರೀಕ್ಷಕರು ಅಂಕ ಕೊಡುತ್ತಾರೆಯೇ? ಪ್ರಯೋಗಾಲಯದ ಇಲಿಗಳಿಗೂ ಇದೇ ಮಾತು: ಒಂದು ಪಂಜರದಲ್ಲಿ ಐದು ಇಲಿಗಳಿದ್ದರೆ ಅನೇಕ ಪ್ರಶ್ನೆಗಳ ಮಟ್ಟಿಗೆ ಮಾದರಿಯ ಸಂಖ್ಯೆ ಐದಲ್ಲ, ಒಂದು. ಬಂಧನದ ಪ್ರಾಣಿಗಳ ಸಾಹಿತ್ಯದಲ್ಲಿ ಈ ತಪ್ಪು ಎಣಿಕೆ ಅಪರೂಪವೇನಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಶತಪಥದ ಶೇಕಡಾವಾರು ಇಂದಿನ ಸ್ಥಿತಿಯನ್ನು ಹೇಳುತ್ತದೆಯೇ, ಹಿಂದಿನದನ್ನೇ? ಭೌತವಿಜ್ಞಾನದಲ್ಲಿ ಹಿಸ್ಟರೀಸಿಸ್ ಎಂಬ ಪರಿಕಲ್ಪನೆ ಇದೆ. ಕಬ್ಬಿಣದ ತುಂಡನ್ನು ಕಾಂತಕ್ಷೇತ್ರದಲ್ಲಿಟ್ಟು, ಆಮೇಲೆ ಕ್ಷೇತ್ರವನ್ನು ಸೊನ್ನೆಗೆ ತಂದರೂ ಕಾಂತತ್ವ ಸೊನ್ನೆಯಾಗುವುದಿಲ್ಲ. ತುಂಡು ತನ್ನ ಇತಿಹಾಸವನ್ನು ಉಳಿಸಿಕೊಂಡಿರುತ್ತದೆ. ಬನ್ನೇರುಘಟ್ಟದಲ್ಲಿ 2005ರಲ್ಲಿ ಆರಂಭವಾದ ಕರಡಿ ಪುನರ್ವಸತಿ ಕೇಂದ್ರಕ್ಕೆ ಬಂದದ್ದು ಕುಣಿತದ ಕರಡಿಗಳು: ಮರಿಯಾಗಿದ್ದಾಗಲೇ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸಿ ಊರೂರು ತಿರುಗಿಸಿದವು. 2009ರ ಹೊತ್ತಿಗೆ ಈ ಪದ್ಧತಿ ಕೊನೆಗೊಂಡಿತೆಂದು ಘೋಷಣೆಯಾಯಿತು. ಅಂಥ ಕರಡಿಯ ಮೂಗಿನ ಹಗ್ಗ ಬಿಚ್ಚಿದ ದಿನವೇ ತಲೆಯಾಟವೂ ನಿಲ್ಲುತ್ತದೆಂದು ನಿರೀಕ್ಷಿಸುವುದು ಭೌತವಿಜ್ಞಾನಕ್ಕೂ ಜೀವವಿಜ್ಞಾನಕ್ಕೂ ಒಪ್ಪದ ಮಾತು. ತಲೆಯಾಡಿಸುವ ಕರಡಿಯನ್ನು ಕಂಡು ಕೇಂದ್ರ ಕೆಟ್ಟದ್ದು ಎಂದು ಬರೆದರೆ ಅನ್ಯಾಯ. 2004ರಲ್ಲಿ ಮೇಸನ್ ಮತ್ತು ಲೇಥಮ್ ಈ ಸಾಹಿತ್ಯವನ್ನೆಲ್ಲ ಜಾಲಾಡಿ, ಕೆಟ್ಟ ಪರಿಸರದಲ್ಲಿ ಏಕತಾನ ವರ್ತನೆ ಹುಟ್ಟುವುದು ನಿಜವಾದರೂ, ಅದೇ ಕೆಟ್ಟ ಪರಿಸರದಲ್ಲಿ ಶತಪಥ ತಿರುಗುವ ಪ್ರಾಣಿ ಸುಮ್ಮನೆ ಮೂಲೆ ಹಿಡಿದ ಪ್ರಾಣಿಗಿಂತ ಎಷ್ಟೋ ಸಲ ಮೇಲು ಸ್ಥಿತಿಯಲ್ಲಿರುತ್ತದೆ ಎಂದು ತೋರಿಸಿದರು. ಸುಮ್ಮನೆ ಬಿದ್ದಿರುವ ಪ್ರಾಣಿಯನ್ನು ನೋಡಿ ‘ಹಾಯಾಗಿದೆ’ ಎನ್ನುವ ನಮ್ಮ ಅಭ್ಯಾಸ ಇಲ್ಲಿ ಪೂರಾ ತಲೆಕೆಳಗಾಗುತ್ತದೆ.

ಹಾರ್ಮೋನು ಅಳೆದರೆ ಎಲ್ಲ ಇತ್ಯರ್ಥವಾಗುತ್ತದೆ ಎನ್ನುವವರಿದ್ದಾರೆ. ಲದ್ದಿಯಲ್ಲಿ ಒತ್ತಡದ ಹಾರ್ಮೋನುಗಳ ಶೇಷವನ್ನು ಅಳೆಯುವ ವಿಧಾನ ಪ್ರಾಣಿಯನ್ನು ಮುಟ್ಟದೆ, ಸೂಜಿ ಚುಚ್ಚದೆ ಮಾಡುವಂಥದ್ದು. ಅಳತೆಯೇ ಅಳೆಯುವ ವಸ್ತುವನ್ನು ಕೆಡಿಸದಿರುವುದು ದೊಡ್ಡ ಗುಣ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಮೈಸೂರು ಮೃಗಾಲಯ, ಮೈಸೂರು ದಸರಾ, ಮುದುಮಲೈ ಶಿಬಿರ ಮತ್ತು ಬಾಂಧವಗಢದ ಆನೆಗಳ ಮೇಲೆ ಇಂಥ ಅಧ್ಯಯನ ನಡೆಸಿ 2019ರಲ್ಲಿ ಪ್ರಕಟಿಸಿದ್ದಾರೆ. ಸಾಕುವ ಕ್ರಮ ಬದಲಾದಂತೆ ಹಾರ್ಮೋನಿನ ಮಟ್ಟವೂ ಬದಲಾಗುವುದು ಅದರಲ್ಲಿ ಸ್ಪಷ್ಟ. ಆದರೆ ಲದ್ದಿ ಎಂಬುದು ಒಂದೆರಡು ದಿನಗಳ ಹಿಂದಿನ ಸಂಗತಿಯ ಸರಾಸರಿ. ಪಟಾಕಿ ಸದ್ದಾದ ಗಳಿಗೆಯನ್ನು ಅದು ಬಿಡಿಸಿ ಹೇಳಲಾರದು. ಇದೇ ಹಾರ್ಮೋನು ಕೂಡುವ ಕಾಲದಲ್ಲಿ, ಉತ್ಸಾಹದ ಓಡಾಟದಲ್ಲಿ ಕೂಡ ಏರುತ್ತದೆ. ಒಂದು ಸೂಚಕ ಸಾಲದು. ಎರಡು ಮೂರು ಒಂದೇ ದಿಕ್ಕಿಗೆ ಕೈ ತೋರಿದಾಗ ಮಾತ್ರ ನಂಬಿಕೆ ಹುಟ್ಟುತ್ತದೆ.

ಈಗ ಪ್ರಯೋಗಾಲಯಕ್ಕೆ ಬರೋಣ. ಇಲ್ಲಿ ಕ್ಷೇಮದ ಪ್ರಶ್ನೆ ಕೇವಲ ಪ್ರಾಣಿಯದಲ್ಲ, ವಿಜ್ಞಾನದ್ದೂ ಹೌದು. ಮೌಸ್ ಎಂದು ಕರೆಯುವ ಚಿಕ್ಕ ಬಿಳಿ ಇಲಿಯನ್ನೇ ತೆಗೆದುಕೊಳ್ಳಿ. ಅದರ ತೂಕ ಸುಮಾರು 25 ಗ್ರಾಮ್. ಮನುಷ್ಯನದು 70 ಕಿಲೋಗ್ರಾಮ್ ಎನ್ನೋಣ. ತೂಕದ ಅನುಪಾತ 2,800. ಆಕಾರ ಒಂದೇ ಎಂದು ಭಾವಿಸಿದರೆ, ಪ್ರತಿ ಗ್ರಾಮ್ ಮೈಗೆ ಇಲಿಗೆ ಇರುವ ಚರ್ಮದ ವಿಸ್ತೀರ್ಣ ನಮ್ಮದಕ್ಕಿಂತ 2,800ರ ಘನಮೂಲದಷ್ಟು, ಅಂದರೆ ಸುಮಾರು 14 ಪಟ್ಟು ಹೆಚ್ಚು. ಶಾಖ ಸೋರುವುದು ಚರ್ಮದಿಂದ. ಆದ್ದರಿಂದ ನಮಗೆ ಹಿತವಾದ 22 ಡಿಗ್ರಿ ಸೆಲ್ಸಿಯಸ್ ಇಲಿಗೆ ಚಳಿ. ಮೈ ಬಿಸಿ ಕಾಯ್ದುಕೊಳ್ಳಲು ಹೆಚ್ಚುವರಿ ಶಕ್ತಿ ಖರ್ಚು ಮಾಡಬೇಕಿಲ್ಲದ ತಾಪ ಅದಕ್ಕೆ ಸುಮಾರು 30 ಡಿಗ್ರಿ. ನಮ್ಮ ದೇಶದ ಪ್ರಾಣಿಪ್ರಯೋಗ ನಿಯಂತ್ರಣ ಸಮಿತಿಯ ಮಾರ್ಗಸೂಚಿ ಪ್ರಾಣಿಕೋಣೆಗೆ ಹೇಳುವುದು 18ರಿಂದ 29 ಡಿಗ್ರಿ. ಆ ವ್ಯಾಪ್ತಿಯ ಮೇಲಿನ ತುದಿ ಕೂಡ ಇಲಿಯ ನೆಮ್ಮದಿಯ ಬಿಂದುವನ್ನು ಮುಟ್ಟುವುದಿಲ್ಲ! ಜಗತ್ತಿನ ಹೆಚ್ಚಿನ ಇಲಿಕೋಣೆಗಳು ಇಪ್ಪತ್ತರಿಂದ ಇಪ್ಪತ್ತನಾಲ್ಕರ ಆಸುಪಾಸಿನಲ್ಲಿವೆ. ಅದು ಅಂಗಿಯ ಮೇಲೆ ಕೋಟು, ಮುಖಕ್ಕೆ ಮುಸುಕು ಹಾಕಿಕೊಂಡು ಕೆಲಸ ಮಾಡುವ ಮನುಷ್ಯನಿಗೆ ಹಿತವಾದ ತಾಪ.

ಇದರ ಪರಿಣಾಮ ಏನು? ಅಮೆರಿಕದ ಬಫೆಲೊ ನಗರದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಕಾರ, 22-23 ಡಿಗ್ರಿಯ ಕೋಣೆಯ ಇಲಿಗಳಿಗೆ ಹೋಲಿಸಿದರೆ 30-31 ಡಿಗ್ರಿಯಲ್ಲಿ ಇಟ್ಟ ಇಲಿಗಳಲ್ಲಿ ಗಡ್ಡೆಗಳು ನಿಧಾನವಾಗಿ ಹುಟ್ಟಿ ನಿಧಾನವಾಗಿ ಬೆಳೆದವು. ರೋಗನಿರೋಧಕ ಶಕ್ತಿ ಗಡ್ಡೆಯ ಮೇಲೆ ಹೆಚ್ಚು ಪ್ರಬಲವಾಗಿ ಎರಗಿತು. ಅಂದರೆ ದಶಕಗಳಿಂದ ಕ್ಯಾನ್ಸರ್ ಔಷಧಗಳನ್ನು ನಾವು ಚಳಿಯಿಂದ ಬಳಲಿದ ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದೇವೆಯೇ? ಪ್ರಶ್ನೆ ಅಹಿತಕರ. ಇದಕ್ಕೂ ಮೊದಲು, 1999ರಲ್ಲಿ, ಕ್ರ್ಯಾಬ್ ಮತ್ತು ಸಂಗಡಿಗರು ಮೂರು ನಗರಗಳ ಮೂರು ಪ್ರಯೋಗಾಲಯಗಳಲ್ಲಿ ಒಂದೇ ತಳಿಯ ಇಲಿಗಳನ್ನು ಒಂದೇ ಉಪಕರಣ, ಒಂದೇ ವೇಳಾಪಟ್ಟಿಯಲ್ಲಿ ಪರೀಕ್ಷಿಸಿದ್ದರು. ಫಲಿತಾಂಶಗಳು ಕೆಲವು ಪರೀಕ್ಷೆಗಳಲ್ಲಿ ಗಣನೀಯವಾಗಿ ಬೇರೆಯಾದವು. ಕಾರಣಗಳ ಪಟ್ಟಿ ಆಮೇಲೆ ಒಂದೊಂದಾಗಿ ಬೆಳೆಯಿತು. ಬಾಲ ಹಿಡಿದು ಎತ್ತುವುದರ ಬದಲು ಕೊಳವೆಯೊಳಗೆ ಹತ್ತಿಸಿಕೊಂಡರೆ ಇಲಿಯ ಭಯ ಇಳಿಯುತ್ತದೆ ಎಂದು ಲಿವರ್‌ಪೂಲಿನ ಹರ್ಸ್ಟ್ ಮತ್ತು ವೆಸ್ಟ್ 2010ರಲ್ಲಿ ತೋರಿಸಿದರು. ಕೋಣೆಯಲ್ಲಿ ಗಂಡಸು ಇದ್ದರೆ, ಅವನು ತೊಟ್ಟ ಅಂಗಿ ಇದ್ದರೂ ಸಾಕು, ಒತ್ತಡದಿಂದ ಇಲಿಯ ನೋವಿನ ಪ್ರತಿಕ್ರಿಯೆಯೇ ತಗ್ಗುತ್ತದೆ ಎಂದು ಮಾಂಟ್ರಿಯಲ್ಲಿನ ತಂಡ 2014ರಲ್ಲಿ ವರದಿ ಮಾಡಿತು. ನೋವುನಿವಾರಕ ಪರೀಕ್ಷಿಸುವವರು ಈ ವರದಿ ಓದಿ ಎಷ್ಟು ರಾತ್ರಿ ನಿದ್ದೆಗೆಟ್ಟರೋ! ಇನ್ನು ಸದ್ದಿನ ಮಾತು. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಇಲಿಯದು ಅದರ ಮೂರು ನಾಲ್ಕು ಪಟ್ಟು ಮೇಲಕ್ಕೆ ಹೋಗುತ್ತದೆ. ಸುರಿಯುವ ನಲ್ಲಿ, ಕೆಲವು ವಿದ್ಯುತ್ ಉಪಕರಣಗಳು ಆ ವ್ಯಾಪ್ತಿಯಲ್ಲಿ ಗದ್ದಲ ಮಾಡುತ್ತವೆ. ನಮಗೆ ನಿಶ್ಶಬ್ದವಾದ ಕೋಣೆ ಅವಕ್ಕೆ ಸಂತೆ ಇರಬಹುದು.

ಚಳಿಯ ಪ್ರಶ್ನೆಗೆ ನಮ್ಮ ಊರಿನಲ್ಲಿ ಒಂದು ವಿಚಿತ್ರ ತಿರುವು ಇದೆ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬ್ರಿಟಿಷರ ಕಾಲದ ಕಟ್ಟಡಗಳನ್ನು ನೋಡಿದವರಿಗೆ ಎತ್ತರದ ಚಾವಣಿ, ದಪ್ಪ ಗೋಡೆ, ಸುತ್ತಲ ಜಗಲಿ ನೆನಪಿರುತ್ತವೆ. ತಣ್ಣನೆ ದೇಶದಿಂದ ಬಂದ ಮೈಗೆ ಒಗ್ಗುವಂತೆ ಕಟ್ಟಿದ್ದು ಅವು. ಒಳಗಿದ್ದವನು ತನಗೆ ಏನು ಬೇಕೆಂದು ಬಾಯಿಬಿಟ್ಟು ಹೇಳಬಲ್ಲವನಾಗಿದ್ದ. ಇಂಥ ಊರಿನಲ್ಲಿ ಒಂದು ಇಲಿಕೋಣೆ ನಡೆಸುವುದಾದರೆ, ಏಪ್ರಿಲ್ ತಿಂಗಳಲ್ಲಿ ಹೊರಗೆ 40 ಡಿಗ್ರಿ, ಒಳಗೆ 22 ಡಿಗ್ರಿ. ಗೋಡೆ, ಚಾವಣಿಗಳ ಮೂಲಕ ಒಳನುಗ್ಗುವ ಶಾಖ ತಾಪದ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. ಒಳಗಿನ ತಾಪವನ್ನು 28ಕ್ಕೆ ಬಿಟ್ಟರೆ ವ್ಯತ್ಯಾಸ 18ರಿಂದ 12ಕ್ಕೆ ಇಳಿದು, ಹೀಗೆ ಬರುವ ಶಾಖದಲ್ಲಿ ಮೂರರಲ್ಲಿ ಒಂದು ಭಾಗ ಉಳಿತಾಯ. ದುಡ್ಡು ತೆತ್ತು, ವಿದ್ಯುತ್ ಸುಟ್ಟು, ಇಲಿಯನ್ನು ನಡುಗಿಸಿ, ಆ ನಡುಕದ ಇಲಿಯಿಂದ ಬಂದ ಅಂಕಿಗಳನ್ನು ಮನುಷ್ಯನಿಗೆ ಅನ್ವಯಿಸುವುದು ಯಾವ ಲೆಕ್ಕದ ಜಾಣತನ? ಹಾಗೆಂದು ಎಲ್ಲ ಕೋಣೆಗಳನ್ನೂ 30ಕ್ಕೆ ಏರಿಸಿ ಎಂದಲ್ಲ. ಇಲಿ ಓಡಾಡುವ ರಾತ್ರಿ ವೇಳೆಯಲ್ಲಿ ಅದಕ್ಕೆ ಸ್ವಲ್ಪ ತಂಪೇ ಬೇಕು. ತುಂಬಿದ ಪಂಜರ ತಾನಾಗಿ ಬಿಸಿಯಾಗುತ್ತದೆ. ಗ್ಯಾಸ್ಕಿಲ್ ಮತ್ತು ಸಂಗಡಿಗರು 2012ರಲ್ಲಿ ಬೆಚ್ಚನೆಯ ಪಂಜರ ಮತ್ತು ಗೂಡು ಕಟ್ಟುವ ಸಾಮಗ್ರಿ ಇವೆರಡನ್ನು ಒಂದರ ಎದುರು ಒಂದಿಟ್ಟು ಇಲಿಗಳನ್ನೇ ತೂಗಲು ಬಿಟ್ಟರು. ಕೆಲವೇ ಗ್ರಾಮ್ ಹರಿದ ಕಾಗದ ಕೊಟ್ಟರೆ ಇಲಿ ತನ್ನ ತಾಪವನ್ನು ತಾನೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಇದಕ್ಕೆ ಬೇಕಾದ ಖರ್ಚು ಬರೆಯಲು ನಾಚಿಕೆಯಾಗುವಷ್ಟು ಕಡಿಮೆ.

ಕಾಯಿದೆಗಳು ಈ ಸಂಶೋಧನೆಯನ್ನು ಎಷ್ಟು ಒಳಗೊಂಡಿವೆ ಎಂಬಲ್ಲಿ ನನ್ನ ಮುಖ್ಯ ತಕರಾರು. 1998ರ ನಿಯಮಗಳ ಪ್ರಕಾರ ಪ್ರಾಣಿಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ಒಂದು ನೈತಿಕ ಸಮಿತಿ ಇರಬೇಕು. ಅದರಲ್ಲಿ ಜೀವವಿಜ್ಞಾನಿಗಳಿದ್ದಾರೆ, ಪಶುವೈದ್ಯರಿದ್ದಾರೆ, ವಿಜ್ಞಾನೇತರ ಸಮಾಜಮುಖಿ ಸದಸ್ಯರೂ ಇದ್ದಾರೆ. ಮಾದರಿ ಎಷ್ಟು, ದೋಷ ಎಷ್ಟು, ಉಪಕರಣ ಯಾವುದು ಎಂದು ಕೇಳುವ ಸಂಖ್ಯಾಶಾಸ್ತ್ರಜ್ಞರಿಗಾಗಲಿ ಭೌತವಿಜ್ಞಾನಿಗಾಗಲಿ ಪ್ರತ್ಯೇಕ ಕುರ್ಚಿ ಇಲ್ಲ. ಪ್ರತಿ ಇಲಿಗೆ ಇಷ್ಟು ಚದರ ಸೆಂಟಿಮೀಟರ್, ಇಷ್ಟು ಎತ್ತರ ಎಂಬ ಪಟ್ಟಿ ಇದೆ. ಮೃಗಾಲಯ ನಿಯಮಗಳಲ್ಲಿಯೂ ಪ್ರಾಣಿವಾರು ಉದ್ದ ಅಗಲಗಳ ಪಟ್ಟಿ ಇದೆ. ಪಟ್ಟಿ ಬೇಡವೆನ್ನುವುದಿಲ್ಲ. ಅದಿಲ್ಲದಿದ್ದಾಗಿನ ಬೋನುಗಳನ್ನು ಕಂಡವರು ಪಟ್ಟಿಗೆ ಕೃತಜ್ಞರಾಗಿರಬೇಕು. ಆದರೆ ತಪಾಸಣೆಗೆ ಬಂದವರು ಟೇಪು ಹಿಡಿದು ಅಳೆಯಬಲ್ಲದ್ದು ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ; ಹರಿದ ಕಾಗದ, ಮರೆ, ಹತ್ತಲು ಕೊಂಬೆ, ಪ್ರೇಕ್ಷಕರಿಂದ ತಪ್ಪಿಸಿಕೊಳ್ಳುವ ದಾರಿ ಇವು ಸಲಹೆಯ ಸಾಲಿಗೆ ಜಾರುತ್ತವೆ.

ಕೊನೆಗೆ ಕಮಲಾಪುರದ ಕಡೆಗೆ. ಊರ ನಡುವಿನ ಆವರಣದಿಂದ ಕಾಡಿನ ಆವರಣಕ್ಕೆ, ಅದೇ ಪ್ರಾಣಿಗಳು: ಪ್ರಯೋಗ ವಿನ್ಯಾಸದ ದೃಷ್ಟಿಯಿಂದ ಇಂಥ ಅವಕಾಶ ಸುಲಭವಾಗಿ ಸಿಗುವುದಿಲ್ಲ. ಪ್ರತಿ ಪ್ರಾಣಿಯೂ ತನಗೆ ತಾನೇ ಮಾನಕ. ಹಿಸ್ಟರೀಸಿಸ್ಸಿನ ತೊಡಕನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸಾಗಿಸುವ ಕೆಲವು ವಾರ ಮೊದಲು, ಸಾಗಿಸಿದ ಮೇಲೆ ತಿಂಗಳಿಗೊಮ್ಮೆ, ಒಂದು ವರ್ಷ. ವರ್ತನೆಯ ದಾಖಲೆ, ಲದ್ದಿಯ ಮಾದರಿ, ಆವರಣದ ತಾಪ. ಮುಂದೆ ಯಾವ ಊರಿನ ಕಿರುಮೃಗಾಲಯವನ್ನು ಬದಲಿಸುವುದಾದರೂ ಸಾಗಣೆಯ ಟೆಂಡರ್ ಕರೆಯುವ ಮೊದಲೇ ಈ ಮೂರು ದಾಖಲೆಗಳು ಆರಂಭವಾಗಬೇಕು. ಗದಗ, ಕಲಬುರಗಿ, ಚಿತ್ರದುರ್ಗ, ದಾವಣಗೆರೆ ಎಲ್ಲವೂ ಬಿಸಿಲಿನ ಊರುಗಳೇ. ಅಲ್ಲಿನ ಕಾಲೇಜುಗಳ ಎಂ.ಎಸ್‌ಸಿ. ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಯೋಜನಾಕಾರ್ಯ.

ತಾಪದ ದಾಖಲೆಯಲ್ಲಿ ಒಂದು ಎಚ್ಚರ ಅಗತ್ಯ. ಹವಾಮಾನ ಕೇಂದ್ರ ಹೇಳುವ 40 ಡಿಗ್ರಿ ನೆರಳಿನಲ್ಲಿನ ಗಾಳಿಯದು. ಬಿಸಿಲಿಗೆ ಕಾದ ಕಾಂಕ್ರೀಟು, ತಗಡಿನ ಚಾವಣಿ ಇವು ಪ್ರಾಣಿಯ ಮೈಗೆ ಹೊರಸೂಸುವ ವಿಕಿರಣ ಆ ಅಂಕಿಯಲ್ಲಿ ಸೇರಿಲ್ಲ. ಇದೇ ನಾಡಿನಲ್ಲಿ, 1994ರಿಂದ ರಕ್ಷಿತವಾಗಿರುವ ದರೋಜಿ ಕರಡಿಧಾಮದಲ್ಲಿ, ಕರಿ ಜೂಲಿನ ಕರಡಿ ಹಗಲೆಲ್ಲ ಹೆಬ್ಬಂಡೆಗಳ ನಡುವಿನ ಗವಿಯಲ್ಲಿದ್ದು ಇಳಿಹೊತ್ತಿಗೆ ಬಂಡೆಗೆ ಸವರಿದ ಬೆಲ್ಲದ ಪಾಕ ನೆಕ್ಕಲು ಬರುತ್ತದೆ. ಗವಿ ತನಗೆ ಎಷ್ಟು ಬೇಕಾದದ್ದೆಂದು ಅದು ದಿನವೂ ಹೇಳುತ್ತಿದೆ. ಆ ಗವಿಯ ತಾಪವನ್ನೂ ಮೃಗಾಲಯದ ಕರಡಿಕೋಣೆಯ ತಾಪವನ್ನೂ ಹೋಲಿಸಲು ದುಬಾರಿ ಉಪಕರಣ ಬೇಕಿಲ್ಲ. ಟೇಬಲ್ ಟೆನಿಸ್ ಚೆಂಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಒಂದು ತೂತಿನ ಮೂಲಕ ತಾಪಸಂವೇದಕವನ್ನು ನಡುಮಧ್ಯಕ್ಕೆ ಇಳಿಸಿ ತೂತು ಮುಚ್ಚಿದರೆ ಗೋಳ ಉಷ್ಣಮಾಪಕ ಸಿದ್ಧ. ಅದು ಗಾಳಿಯನ್ನೂ ವಿಕಿರಣವನ್ನೂ ಒಟ್ಟಿಗೆ ಅನುಭವಿಸುತ್ತದೆ. ಒಂದನ್ನು ಕೋಣೆಯ ಒಳಗೆ, ಒಂದನ್ನು ಹೊರಗಿನ ಬಯಲಿನಲ್ಲಿ, ಒಂದನ್ನು ಮರದ ನೆರಳಿನಲ್ಲಿ ಕರಡಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿ, ಮಾರ್ಚಿಯಿಂದ ಮೇವರೆಗೆ ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸಬೇಕು. ಚೆಂಡು ಕರಡಿಯ ಕೈಗೆ ಸಿಗದಂತೆ ಜಾಲರಿ ಹಾಕುವುದನ್ನು ಮರೆಯಬಾರದು.